ಸೆಕೆಗಾಲದಲ್ಲಿ ಕೋಳಿಯ ಕರುಳು ಕಾಪಾಡುವುದು ಹೇಗೆ?

ಸೆಕೆ ಜಾಸ್ತಿ ಆದಾಗ ಶೆಡ್‌ಗೆ ಬಂದವರೆಲ್ಲ ಕೋಳಿಯ ಬಾಯಿ ನೋಡುತ್ತಾರೆ. ತೇಕುತ್ತಿದೆಯಾ, ರೆಕ್ಕೆ ಇಳಿಬಿಟ್ಟಿದೆಯಾ ಅಂತ. ನಾನು ಮೊದಲು ನೆಲದ ಮೇಲಿನ ಹಿಕ್ಕೆ ನೋಡುತ್ತೇನೆ. ತೇಕುವುದು ಸಂಜೆ ತಂಪಾದರೆ ನಿಲ್ಲುತ್ತದೆ. ಕರುಳಿಗೆ ಬಿದ್ದ ಪೆಟ್ಟು ಅಷ್ಟು ಬೇಗ ವಾಸಿಯಾಗುವುದಿಲ್ಲ. ಬಿಸಿಲು ಇಳಿದ ಮೇಲೂ ತೂಕ ಬರುತ್ತಿಲ್ಲ, ಫೀಡ್ ಮಾತ್ರ ಖಾಲಿಯಾಗುತ್ತಿದೆ ಅಂದರೆ ಕರುಳಿನ ಮೇಲೆ ಅನುಮಾನ ಪಡಿ.

ಕೋಳಿಗೆ ಬೆವರುವುದಕ್ಕೆ ಆಗುವುದಿಲ್ಲ. ಅದರ ಮೈ ಬಿಸಿ ಮೊದಲೇ 41-42 ಡಿಗ್ರಿ ಇರುತ್ತದೆ. ಬೆಳೆದ ಕೋಳಿಗೆ ಹಿತವಾಗುವುದು ಸುಮಾರು 18ರಿಂದ 24 ಡಿಗ್ರಿ. 30 ದಾಟಿತು ಅಂದರೆ ಕಷ್ಟ ಶುರು. ಶಾಖ ಹೊರಗೆ ಹಾಕಲು ಅದು ಚರ್ಮ, ಜುಟ್ಟಿನ ಕಡೆಗೆ ರಕ್ತ ಕಳಿಸುತ್ತದೆ. ಅಷ್ಟರ ಮಟ್ಟಿಗೆ ಕರುಳಿಗೆ ರಕ್ತ ಕಮ್ಮಿ, ಆಮ್ಲಜನಕವೂ ಕಮ್ಮಿ. ಆಗ ಒಳಪದರದ ಜೀವಕೋಶಗಳ ನಡುವಿನ ಬಿಗಿ ಸಡಿಲವಾಗುತ್ತದೆ. ಒಳಪದರದಲ್ಲಿ ಸಾರ ಹೀರುವ, ಪುಟ್ಟ ಬೆರಳಿನಂಥ ವಿಲ್ಲೈಗಳು ಗಿಡ್ಡವಾಗುತ್ತವೆ. ಬ್ಯಾಕ್ಟೀರಿಯಾ ಮತ್ತು ಅವುಗಳ ವಿಷ ರಕ್ತಕ್ಕೆ ನುಗ್ಗುತ್ತವೆ. ತಿಂದ ಫೀಡ್ ಮಾಂಸವಾಗುವ ಬದಲು ಈ ಉರಿಯೂತಕ್ಕೇ ಖರ್ಚಾಗುತ್ತದೆ.

ಈಗ ಹಿಕ್ಕೆಗೆ ಬರೋಣ. ಗಟ್ಟಿ ಹಿಕ್ಕೆ, ಮೇಲೊಂದಿಷ್ಟು ಬಿಳಿ ಇದ್ದರೆ ಸರಿ. ನಡುನಡುವೆ ಚಾಕೊಲೇಟ್ ಬಣ್ಣದ ಅಂಟು ಹಿಕ್ಕೆ ಕಂಡರೆ ಗಾಬರಿ ಬೇಡ, ಅದು ಸಣ್ಣ ಕರುಳು ಮುಗಿಯುವಲ್ಲಿರುವ ಚೀಲ, ಅಂದರೆ ಸೀಕಮ್‌ನಿಂದ ಬರುವ ಮಾಮೂಲಿ ಹಿಕ್ಕೆ. ಹಿಕ್ಕೆಗೆ ಆಕಾರ ಇದೆ, ಸುತ್ತ ನೀರು ನಿಂತಿದೆ ಅಂದರೆ ಕೋಳಿ ಜಾಸ್ತಿ ನೀರು ಕುಡಿದಿದೆ, ಅಷ್ಟೇ. ಆಕಾರವೇ ಇಲ್ಲ, ಅರೆಯದ ಕಾಳಿನ ಚೂರು ಹಾಗೇ ಕಾಣುತ್ತಿದೆ, ನೊರೆ ಅಥವಾ ಕಿತ್ತಳೆ ಬಣ್ಣದ ಲೋಳೆ ಇದೆ ಅಂದರೆ ತೊಂದರೆ ಕರುಳಿನದು. ರಕ್ತ ಕಂಡರೆ ಕಾಕ್ಸಿಡಿಯೋಸಿಸ್ (ಕಾಕ್ಸಿಡಿಯಾ ಎಂಬ ಪರಾವಲಂಬಿಯಿಂದ ಬರುವ ಕರುಳಿನ ರೋಗ) ಇರಬಹುದು, ಆವತ್ತೇ ಪಶುವೈದ್ಯರಿಗೆ ತೋರಿಸಿ. ನೀರು ಹಿಕ್ಕೆಗೂ ಭೇದಿಗೂ ವ್ಯತ್ಯಾಸ ಗೊತ್ತಿಲ್ಲದೆ ಸುಮ್ನೆ ಆಂಟಿಬಯಾಟಿಕ್ ಸುರಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇರುವ ಒಳ್ಳೆಯ ಬ್ಯಾಕ್ಟೀರಿಯಾವೂ ಅದರಲ್ಲಿ ಹೋಗುತ್ತವೆ.

ನನ್ನ ಕೇಳಿದರೆ ಔಷಧಿಗಿಂತ ಫೀಡ್ ಹಾಕುವ ಹೊತ್ತು ಮುಖ್ಯ. ತಿಂದದ್ದು ಅರಗುವಾಗ ಮೈಯಲ್ಲಿ ಶಾಖ ಹುಟ್ಟುತ್ತದೆ, ಅದು ಏರುವುದು ತಿಂದ ಕೆಲವು ಗಂಟೆಗಳ ಮೇಲೆ. ಹನ್ನೊಂದಕ್ಕೆ ಹೊಟ್ಟೆ ತುಂಬಿಸಿದರೆ ಸರಿಯಾಗಿ ಸುಡುಬಿಸಿಲಿಗೆ ಒಳಗಿನ ಬೆಂಕಿಯೂ ಸೇರುತ್ತದೆ. ಅದಕ್ಕೇ ಬ್ರಾಯ್ಲರ್‌ಗಳ ಫೀಡರನ್ನು ಬೆಳಗ್ಗೆ 9-10ರ ಹೊತ್ತಿಗೇ ಮೇಲೆತ್ತಿ, ಸಂಜೆ ತಂಪಾದಾಗ ಇಳಿಸಿ. ನೀರು ಮಾತ್ರ ಇಡೀ ಹೊತ್ತು ಇರಲಿ. ಚಿಕ್ಕ ಮರಿಗಳಿಗೆ ಈ ಉಪವಾಸ ಬೇಡ. ಇಳಿಸುವಾಗ ಎಲ್ಲ ಫೀಡರ್ ಒಟ್ಟಿಗೆ ಇಳಿಸಿ. ಇಲ್ಲದಿದ್ದರೆ ಹಸಿದ ಕೋಳಿಗಳು ಒಂದೇ ಕಡೆ ಮುಗಿಬಿದ್ದು ಗಬಗಬ ತಿನ್ನುತ್ತವೆ. ಅರಗದ ಪ್ರೋಟೀನ್ ಕರುಳಿನ ಕೆಳಭಾಗಕ್ಕೆ ಇಳಿದರೆ ಅಲ್ಲಿ ರೋಗ ತರುವ ಬ್ಯಾಕ್ಟೀರಿಯಾ ಕ್ಲಾಸ್ಟ್ರಿಡಿಯಂಗೆ ಹಬ್ಬ. ರಾತ್ರಿ ಲೈಟ್ ಸ್ವಲ್ಪ ಹೆಚ್ಚು ಹೊತ್ತು ಬಿಟ್ಟರೆ ನಿಧಾನವಾಗಿ ತಿನ್ನುತ್ತವೆ.

20 ಡಿಗ್ರಿ ಆಸುಪಾಸಿನಲ್ಲಿ ಕೋಳಿ ತಿನ್ನುವ ಫೀಡಿನ ಸುಮಾರು ಎರಡು ಪಟ್ಟು ನೀರು ಕುಡಿಯುತ್ತದೆ. 35 ದಾಟಿದರೆ ಅದು ನಾಲ್ಕು ಪಟ್ಟಿಗೂ ಹೋಗುತ್ತದೆ. ಆದರೆ ನೀರು ಬೆಚ್ಚಗಿದ್ದರೆ ಕುಡಿಯುವುದಿಲ್ಲ. ಟ್ಯಾಂಕಿಗೆ ನೆರಳು ಮಾಡಿ. ಮಧ್ಯಾಹ್ನ ಪೈಪಿನಲ್ಲಿ ನಿಂತ ನೀರನ್ನು ಹೊರಬಿಟ್ಟು ಹೊಸ ನೀರು ಹರಿಸಿ. ಪೈಪಿನ ಒಳಗಿನ ಲೋಳೆಯೂ ಕರುಳಿನ ಶತ್ರುವೇ, ಅದನ್ನೂ ತೊಳೆಯಿರಿ.

ನೀರಿನಲ್ಲಿ ಎಲೆಕ್ಟ್ರೋಲೈಟ್ (ಲವಣಗಳ ಪುಡಿ) ಕೊಡಿ, ಬಿಸಿ ಇರುವ ದಿನ ಮಾತ್ರ. ಸುಮ್ನೆ ತಿಂಗಳಿಡೀ ಕೊಟ್ಟರೆ ಹಿಕ್ಕೆ ನೀರಾಗಿ ಲಿಟರ್ (ನೆಲಕ್ಕೆ ಹಾಸಿದ ಹೊಟ್ಟು) ಒದ್ದೆಯಾಗುತ್ತದೆ. ವಿಟಮಿನ್ ಸಿ ಕಿಲೋ ಫೀಡಿಗೆ 200-250 ಮಿಲಿಗ್ರಾಂ ಸಾಕು. ಬೀಟೈನ್ ಎಂಬ ಪೂರಕ ಕೂಡ ಕರುಳಿನ ಜೀವಕೋಶಗಳು ನೀರು ಹಿಡಿದಿಟ್ಟುಕೊಳ್ಳಲು ನೆರವಾಗುತ್ತದೆ. ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ) ಕೊಡುವುದಾದರೆ ಸೆಕೆ ಬರುವ ಮೊದಲೇ ಶುರು ಮಾಡಿ, ಕ್ಲೋರಿನ್ ಹಾಕಿದ ನೀರಿನಲ್ಲಿ ಬೆರೆಸಬೇಡಿ. ಇನ್ನೊಂದು ಮಾತು: ಫೀಡಿನಲ್ಲಿ ನಿಕಾರ್ಬಜಿನ್ ಇದೆಯಾ ಅಂತ ಚೀಟಿ ಓದಿ. ಕಾಕ್ಸಿಡಿಯಾಕ್ಕೆ ಒಳ್ಳೆಯ ಮದ್ದು ಹೌದು, ಆದರೆ ಸೆಕೆಯಲ್ಲಿ ಬ್ರಾಯ್ಲರ್ ಸಾಯುವುದು ಅದರಿಂದ ಹೆಚ್ಚಾಗುತ್ತದೆ.

ನಮ್ಮಣ್ಣನಿಗೆ ಮಂಜಿನಂತೆ ನೀರು ಚಿಮುಕಿಸುವ ಫಾಗರ್ ಅಂದರೆ ಪ್ರಾಣ. ಒಣ ಬಿಸಿಲಿದ್ದಾಗ, ಫ್ಯಾನ್ ಜೊತೆಗೆ ಹಾಕಿದರೆ ಒಳ್ಳೆಯದೇ. ಗಾಳಿಯಲ್ಲಿ ತೇವಾಂಶ 75 ಶೇಕಡಾ ದಾಟಿದ ಮೇಲೆ ಫಾಗರ್‌ನಿಂದ ತಂಪು ಆಗುವುದಿಲ್ಲ, ಲಿಟರ್ ಮಾತ್ರ ನೆನೆಯುತ್ತದೆ. ಲಿಟರನ್ನು ಮುಷ್ಟಿಯಲ್ಲಿ ಹಿಂಡಿ. ಉಂಡೆ ಕಟ್ಟಿ ಹಾಗೇ ನಿಂತರೆ ಒದ್ದೆ ಜಾಸ್ತಿ, ಉದುರಿದರೆ ಪರವಾಗಿಲ್ಲ. ಕೆದಕುವ ಕೆಲಸ ಬೆಳಗ್ಗೆಯೇ ಮುಗಿಸಿ. ಮಧ್ಯಾಹ್ನ ಕೋಳಿಗಳನ್ನು ಎಬ್ಬಿಸಬೇಡಿ.

ಚಳಿಯೂ ಕರುಳು ಕೆಡಿಸುತ್ತದೆ, ಮರಿಗಳಲ್ಲಿ ವಿಶೇಷವಾಗಿ. ಮೊದಲ ದಿನಗಳಲ್ಲಿ ಮರಿಗಳಿಗೆ ಬಿಸಿ ಕೊಡುವ ಬ್ರೂಡರ್ ಕೆಳಗೆ 32-33 ಡಿಗ್ರಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಮರಿಯ ಪಾದವನ್ನು ನಿಮ್ಮ ಕೆನ್ನೆಗೆ ಮುಟ್ಟಿಸಿ ನೋಡಿ. ತಣ್ಣಗಿದ್ದರೆ ಮರಿಗೆ ಚಳಿಯಾಗಿದೆ. ಅಂಥ ಮರಿಗೆ ಹೊಟ್ಟೆಯೊಳಗೆ ಉಳಿದ ಮೊಟ್ಟೆಯ ಹಳದಿ ಸರಿಯಾಗಿ ಕರಗುವುದಿಲ್ಲ, ಹಿಂದೆ ಹಿಕ್ಕೆ ಅಂಟಿಕೊಳ್ಳುತ್ತದೆ.

ಕೋಳಿ ಸತ್ತರೆ ಹೂಳುವ ಮೊದಲು ಹೊಟ್ಟೆ ಸೀಳಿಸಿ ನೋಡಿ. ಕರುಳು ಗಾಳಿ ತುಂಬಿ ಉಬ್ಬಿದ್ದು, ಒಳಪದರ ಒರಟು ಟರ್ಕಿ ಟವೆಲ್‌ನಂತೆ ಕಂಡರೆ ನೆಕ್ರೋಟಿಕ್ ಎಂಟರೈಟಿಸ್ (ಕ್ಲಾಸ್ಟ್ರಿಡಿಯಂನಿಂದ ಕರುಳಿನ ಒಳಪದರ ಸಾಯುವ ರೋಗ) ಇರಬಹುದು. ಆದರೆ ಸೆಕೆಯಲ್ಲಿ ಕರುಳು ಬೇಗ ಕೊಳೆಯುತ್ತದೆ. ಬೆಳಗ್ಗೆ ಸತ್ತದ್ದನ್ನು ಸಂಜೆ ನೋಡಿದರೆ ಏನೂ ತಿಳಿಯುವುದಿಲ್ಲ. ವೈದ್ಯರ ಹತ್ತಿರ ಒಯ್ಯುವುದಾದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಐಸ್ ಮೇಲಿಟ್ಟು ಕೂಡಲೇ ಒಯ್ಯಿರಿ. ಫ್ರೀಜರ್‌ಗೆ ಹಾಕಬೇಡಿ.