ನಾಲ್ಕು ಶಾಖೆಗೆ ನಾಲ್ಕು ಲಕೋಟೆ: ಕ್ವಾಂಟಂ ಕಾಲಕ್ಕೆ ನಮ್ಮ ಸಂಘವನ್ನು ಅಣಿಗೊಳಿಸಿದ ಅನುಭವ

ತೀರ್ಥಹಳ್ಳಿಯಲ್ಲಿ ಪ್ರಧಾನ ಕಚೇರಿಯಿರುವ ಕೃಷಿಕರ ಸಹಕಾರ ಸಂಘವೊಂದರ ಕಂಪ್ಯೂಟರ್ ವ್ಯವಸ್ಥೆಯನ್ನು ನಾನು ಹನ್ನೊಂದು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. 2025ರ ಮೇ ತಿಂಗಳ ಕೊನೆಯಲ್ಲಿ ಕಾರ್ಯದರ್ಶಿಯವರು ಪತ್ರಿಕೆಯ ಪುಟವೊಂದನ್ನು ನನ್ನ ಮುಂದಿಟ್ಟು, "ಕ್ವಾಂಟಂ ಕಂಪ್ಯೂಟರ್ ಬಂದ್ರೆ ನಮ್ಮ ಬೀಗ ಎಲ್ಲ ಬಿಚ್ಚಿ ಹೋಗ್ತದಂತೆ, ಹೌದಾ ಮಾರಾಯ್ರೆ?" ಎಂದು ಕೇಳಿದರು. ಎಲ್ಲ ಬೀಗಗಳೂ ಅಲ್ಲ, ಆದರೆ ನಾವು ಹೆಚ್ಚು ನೆಚ್ಚಿಕೊಂಡಿರುವ ಬೀಗಗಳೇ ಹೋಗುತ್ತವೆ ಎಂದೆ. ಕ್ವಾಂಟಂ ಕಂಪ್ಯೂಟರ್ ಎಂದರೆ ಅಣುಗಳ ಮಟ್ಟದ ಭೌತ ನಿಯಮಗಳನ್ನು ಬಳಸಿ ಲೆಕ್ಕ ಮಾಡುವ ಹೊಸ ಬಗೆಯ ಯಂತ್ರ; ಬೀಗವೆಂದರೆ ಇಲ್ಲಿ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುವ ವಿಧಾನ.

ಪರಸ್ಪರ ಪರಿಚಯವಿಲ್ಲದ ಎರಡು ಯಂತ್ರಗಳು ಅಂತರಜಾಲದಲ್ಲಿ ಗುಟ್ಟಿನ ಕೀಲಿಯೊಂದನ್ನು ಗೊತ್ತುಮಾಡಿಕೊಳ್ಳುವುದು ಆರ್‌ಎಸ್‌ಎ ಅಥವಾ ಎಲಿಪ್ಟಿಕ್ ಕರ್ವ್ ಎಂಬ ಗೂಢಲಿಪಿ ವಿಧಾನಗಳ ಗಣಿತದ ಬಲದಿಂದ. ದೊಡ್ಡ ಸಂಖ್ಯೆಯನ್ನು ಅಪವರ್ತನಗಳಾಗಿ ಒಡೆಯುವುದು ಕಷ್ಟವೆಂಬ ನಂಬಿಕೆಯ ಮೇಲೆ ಆರ್‌ಎಸ್‌ಎ ನಿಂತಿದೆ. ಸಾಕಷ್ಟು ದೊಡ್ಡ ಕ್ವಾಂಟಂ ಯಂತ್ರಕ್ಕೆ ಅದು ಕಷ್ಟವಲ್ಲವೆಂದು ಗಣಿತಜ್ಞ ಪೀಟರ್ ಶೋರ್ 1994ರಲ್ಲಿಯೇ ತೋರಿಸಿದರು, ಅದೇ ದಾರಿಯಲ್ಲಿ ಎಲಿಪ್ಟಿಕ್ ಕರ್ವ್ ಕೂಡ ಬೀಳುತ್ತದೆ. ಎರಡೂ ಕಡೆ ಒಂದೇ ಕೀಲಿಯಿರುವ ಎಇಎಸ್-256ರಂಥ ವಿಧಾನಗಳಿಗೆ ಅಷ್ಟು ಭಯವಿಲ್ಲ. ಅಂಥ ಯಂತ್ರ ಇಂದಿಗೆ ಇಲ್ಲ, ನಿಜ. ಆದರೆ 2048 ಬಿಟ್‌ಗಳ ಆರ್‌ಎಸ್‌ಎ ಮುರಿಯಲು ಸುಮಾರು 2 ಕೋಟಿ ಕ್ಯೂಬಿಟ್ (ಕ್ವಾಂಟಂ ಯಂತ್ರದ ಮೂಲ ಘಟಕ) ಬೇಕೆಂದು 2019ರಲ್ಲಿ ಲೆಕ್ಕ ಹಾಕಿದ್ದ ಗೂಗಲ್ ಸಂಶೋಧಕ ಕ್ರೇಗ್ ಗಿಡ್ನಿ ಅವರೇ 2025ರ ಮೇ ತಿಂಗಳಲ್ಲಿ 10 ಲಕ್ಷಕ್ಕಿಂತ ಕಡಿಮೆ ಸಾಕೆಂದು ಬರೆದರು. ಯಂತ್ರಗಳು ಒಂದು ಕಡೆ ಬೆಳೆಯುತ್ತಿದ್ದರೆ, ಇನ್ನೊಂದು ಕಡೆ ಬೇಕಾಗುವ ಯಂತ್ರದ ಗಾತ್ರವೇ ಕುಗ್ಗುತ್ತಿದೆ.

ಬಂದ ಮೇಲೆ ನೋಡಿದರಾಯಿತಲ್ಲ ಎಂಬುದು ಕಾರ್ಯದರ್ಶಿಯವರ ಮುಂದಿನ ಪ್ರಶ್ನೆಯಾಗಿತ್ತು. ಇಂದು ತಂತಿಯಲ್ಲಿ ಹರಿಯುವ ಗೂಢಲಿಪಿಯನ್ನು ಯಾರಾದರೂ ಈಗಲೇ ನಕಲು ಮಾಡಿಟ್ಟುಕೊಂಡು, ಯಂತ್ರ ಕೈಗೆ ಸಿಕ್ಕ ದಿನ ಬಿಡಿಸಿ ಓದಬಹುದು ಎಂದು ವಿವರಿಸಿದೆ. ಅವರು ಸ್ವತಃ ಅಡಿಕೆ ಬೆಳೆಗಾರರು. "ಹಾಗಾದ್ರೆ ಇದು ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಹಾಗೇ, ಮಳೆ ಹಿಡಿಯೋ ಮೊದಲೇ ಆಗ್ಬೇಕು" ಎಂದು ಒಪ್ಪಿಗೆ ಕೊಟ್ಟರು.

ನಾನು ಮೊದಲು ಮುಟ್ಟಿದ್ದು ಸರ್ವರನ್ನಲ್ಲ, ಒಂದು ನೋಟ್‌ಬುಕ್ಕನ್ನು. ನಮ್ಮಲ್ಲಿ ಯಾವ ಯಾವ ಮಾಹಿತಿ ಇದೆ, ಅದು ಎಷ್ಟು ವರ್ಷ ಗುಟ್ಟಾಗಿ ಉಳಿಯಬೇಕು, ಯಾವ ದಾರಿಯಲ್ಲಿ ಓಡಾಡುತ್ತದೆ ಎಂದು ಬರೆಯತೊಡಗಿದೆ. ಅಡಿಕೆ ಟೆಂಡರಿನ ದರ ಸಂಜೆ ಪೆಟ್ಟಿಗೆ ತೆರೆಯುವವರೆಗೆ ಮಾತ್ರ ಗುಟ್ಟು. ಮರುದಿನ ಅದು ಎಲ್ಲರ ಬಾಯಲ್ಲಿರುತ್ತದೆ. ಸದಸ್ಯರ ಆಧಾರ್ ಪ್ರತಿ, ಹೆಬ್ಬೆಟ್ಟಿನ ಗುರುತು, ಸಾಲಕ್ಕೆ ಒತ್ತೆಯಿಟ್ಟ ಜಮೀನಿನ ಕಾಗದಗಳು ಹಾಗಲ್ಲ. ಹೆಬ್ಬೆಟ್ಟಿನ ಗುರುತನ್ನು ಪಾಸ್‌ವರ್ಡಿನಂತೆ ಬದಲಿಸಲು ಬರುವುದಿಲ್ಲ, ಇಪ್ಪತ್ತೈದು ವರ್ಷದ ಸದಸ್ಯರೊಬ್ಬರಿಗೆ ಅದು ಇನ್ನೂ ಐವತ್ತು ವರ್ಷ ಬೇಕು. ಈ ಪಟ್ಟಿಗೆ ಮೂರು ವಾರ ಹಿಡಿಯಿತು, ಮತ್ತು ಇಡೀ ಕೆಲಸದಲ್ಲಿ ಅತಿ ಹೆಚ್ಚು ಪ್ರಯೋಜನಕ್ಕೆ ಬಂದದ್ದು ಅದೇ ಎಂದು ನನ್ನ ಖಚಿತ ಅಭಿಪ್ರಾಯ.

ಕೋಣಂದೂರು, ರಿಪ್ಪನ್‌ಪೇಟೆ, ಹೊಸನಗರ, ಆಗುಂಬೆ ಶಾಖೆಗಳು ಪ್ರಧಾನ ಕಚೇರಿಯೊಂದಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ (ಅಂತರಜಾಲದೊಳಗಿನ ಗೂಢಲಿಪಿಯ ಖಾಸಗಿ ದಾರಿ) ಮೂಲಕ ಮಾತನಾಡುತ್ತವೆ, ಪಟ್ಟಿಯಲ್ಲಿದ್ದ ದೀರ್ಘಾಯುಷ್ಯದ ದಾಖಲೆಗಳೆಲ್ಲ ಹಾದುಹೋಗುವುದು ಈ ದಾರಿಯಲ್ಲೇ. ವೈರ್‌ಗಾರ್ಡ್ ಕೀಲಿ ಗೊತ್ತುಮಾಡುವುದು ಎಲಿಪ್ಟಿಕ್ ಕರ್ವ್‌ನಿಂದ. ಆದರೆ ಅದರಲ್ಲಿ ಬಹಳ ಮಂದಿ ಬಳಸದೆ ಬಿಡುವ ಒಂದು ಅನುಕೂಲವಿದೆ: ಎರಡೂ ತುದಿಗೆ ಮೊದಲೇ ಹಂಚಿಟ್ಟ 256 ಬಿಟ್‌ಗಳ ಗುಟ್ಟಿನ ಕೀಲಿಯೊಂದನ್ನು ಸೇರಿಸಬಹುದು, ಆಗ ಕರ್ವ್ ಮುರಿದರೂ ಆ ಕೀಲಿ ಸಿಗದೆ ಸಂಭಾಷಣೆ ಬಿಡಿಸಲಾಗದು. ಷರತ್ತು ಒಂದೇ, ಆ ಕೀಲಿ ಅಂತರಜಾಲದಲ್ಲಿ ಸಾಗಬಾರದು. ಹೀಗಾಗಿ ಶಾಖೆಗೊಂದರಂತೆ ನಾಲ್ಕು ಕೀಲಿಗಳನ್ನು ಮುದ್ರಿಸಿ, ಲಕೋಟೆಗೆ ಅರಗು ಹಾಕಿ, ಜುಲೈ ತಿಂಗಳ ಜಡಿಮಳೆಯಲ್ಲಿ ಬಸ್ಸು ಹತ್ತಿ ನಾನೇ ಒಯ್ದೆ. ಆಗುಂಬೆಯಲ್ಲಿ ಕರೆಂಟು ಬರುವವರೆಗೆ ಎರಡು ಗಂಟೆ ಕಾದು, ವ್ಯವಸ್ಥಾಪಕರ ಎದುರಿನಲ್ಲೇ ಅಕ್ಷರ ಅಕ್ಷರ ನೋಡಿ ಕೀಲಿಯನ್ನು ಟೈಪ್ ಮಾಡಿದೆ. ಮೊದಲ ಸಲ ಸಂಪರ್ಕ ಕೂಡಲಿಲ್ಲ. ದೊಡ್ಡ 'ಐ' ಅಕ್ಷರವನ್ನು ಸಣ್ಣ 'ಎಲ್' ಎಂದು ಓದಿದ್ದೆ. ಆಮೇಲಿನ ಮೂರು ಶಾಖೆಗಳಿಗೆ ಆ ಅಕ್ಷರಗಳು ಬೇರೆಬೇರೆಯಾಗಿ ಕಾಣುವ ಅಚ್ಚಿನಲ್ಲಿ ಮತ್ತೆ ಮುದ್ರಿಸಿಕೊಂಡು ಹೋದೆ.

ಸೆಪ್ಟೆಂಬರಿನಲ್ಲಿ ಸರ್ವರಿನ ಕಾರ್ಯವ್ಯವಸ್ಥೆ ಡೆಬಿಯನ್ 12 ಅನ್ನು 13ಕ್ಕೆ ಏರಿಸಿದೆ. ಅದರೊಂದಿಗೆ ಬರುವ, ಸಂಪರ್ಕಗಳನ್ನು ಗೂಢಲಿಪಿಯಲ್ಲಿ ಕಾಯುವ ತಂತ್ರಾಂಶಗಳಾದ ಓಪನ್‌ಎಸ್‌ಎಸ್‌ಎಲ್ 3.5 ಮತ್ತು ಓಪನ್‌ಎಸ್‌ಎಸ್‌ಎಚ್ 10, ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2024ರ ಆಗಸ್ಟ್ 13ರಂದು ಪ್ರಕಟಿಸಿದ ಎಂಎಲ್-ಕೆಇಎಂ ಎಂಬ, ಕ್ವಾಂಟಂ ದಾಳಿ ತಡೆಯಲೆಂದು ರೂಪಿಸಿದ ಕೀಲಿ ಗೊತ್ತುಮಾಡುವ ವಿಧಾನವನ್ನು, ಹಳೆಯ ಎಲಿಪ್ಟಿಕ್ ಕರ್ವ್ ವಿಧಾನವಾದ ಎಕ್ಸ್25519ರ ಜೊತೆಗೂಡಿಸಿ ತಾವಾಗಿಯೇ ಬಳಸುತ್ತವೆ. ಈ ಜೋಡಿ ಅನಗತ್ಯ ಭಾರವಲ್ಲ. ಕ್ವಾಂಟಂ ದಾಳಿಗೂ ಜಗ್ಗದೆಂದು ವರ್ಷಗಟ್ಟಲೆ ಪರಿಶೀಲನೆಯಲ್ಲಿದ್ದ ಸೈಕ್ ಎಂಬ ವಿಧಾನದ ಒಂದು ಆವೃತ್ತಿಯನ್ನು 2022ರಲ್ಲಿ ಇಬ್ಬರು ಗಣಿತಜ್ಞರು ಸಾಮಾನ್ಯ ಕಂಪ್ಯೂಟರಿನ ಒಂದೇ ಕೋರ್‌ನಲ್ಲಿ ಸುಮಾರು ಒಂದು ಗಂಟೆಯಲ್ಲಿ ಮುರಿದರು. ಹೊಸದು ಬಿದ್ದರೆ ಹಳೆಯದು, ಹಳೆಯದು ಬಿದ್ದರೆ ಹೊಸದು ಕಾಯಲಿ ಎಂಬ ಕಾರಣಕ್ಕೆ ಎರಡನ್ನೂ ಸೇರಿಸಿದ್ದಾರೆ.

ತೊಡಕು ಬಂದದ್ದು ನಾನು ಎಣಿಸದ ಕಡೆಯಿಂದ. ಪ್ರಧಾನ ಕಚೇರಿಯ ಕೆಲವು ಕಂಪ್ಯೂಟರುಗಳಲ್ಲಿ ಬ್ರೌಸರ್ ಹೊಸದಾಗಿ ಇದೇ ಜೋಡಿಯನ್ನು ಬಳಸತೊಡಗಿದ ಬಳಿಕ ಕೆಲವು ತಾಣಗಳು ತೆರೆಯದೆ ತಿರುಗುತ್ತಲೇ ಇದ್ದವು, ನಾವು ದೂರವಾಣಿ ಕಂಪನಿಯನ್ನು ದೂರುತ್ತಿದ್ದೆವು. ಎಕ್ಸ್25519ರಲ್ಲಿ ಎದುರಿನ ಯಂತ್ರಕ್ಕೆ ಬಹಿರಂಗವಾಗಿ ಕಳಿಸುವ ಸಾರ್ವಜನಿಕ ಕೀಲಿ 32 ಬೈಟ್, ಎಂಎಲ್-ಕೆಇಎಂ-768ರದ್ದು 1184 ಬೈಟ್; ಹೀಗಾಗಿ ಬ್ರೌಸರಿನ ಮೊದಲ ಸಂದೇಶವೇ ಒಂದು ಪ್ಯಾಕೆಟ್ಟಿನಲ್ಲಿ ಹಿಡಿಯದೆ ಎರಡಾಗಿ ಹೋಗುತ್ತದೆ. ನಮ್ಮ ಜಾಲದ ಬಾಗಿಲು ಕಾಯುವ ಹಳೆಯ ಫೈರ್‌ವಾಲ್ ಉಪಕರಣ ಹಾಗೆ ತುಂಡಾಗಿ ಬಂದದ್ದನ್ನು ಬಿಸಾಡುತ್ತಿತ್ತು. ಅದಕ್ಕೆ ತಯಾರಕರಿಂದ ಹೊಸ ಫರ್ಮ್‌ವೇರ್ (ಉಪಕರಣದೊಳಗಿನ ತಂತ್ರಾಂಶ) ಬರುವುದು ನಿಂತು ವರ್ಷಗಳಾಗಿದ್ದವು. ಬ್ರೌಸರಿನಲ್ಲಿ ಹೊಸ ವಿಧಾನವನ್ನು ನಿಲ್ಲಿಸಿಬಿಟ್ಟರೆ ಕೆಲಸ ನಡೆಯುತ್ತಿತ್ತು, ಎರಡು ವಾರ ನಾನೂ ಹಾಗೆಯೇ ಮಾಡಿದೆ. ಅದು ತಪ್ಪು, ಏಕೆಂದರೆ ರಕ್ಷಣೆಯನ್ನು ತೆಗೆದು ದೋಷವನ್ನು ಉಳಿಸಿಕೊಂಡಂತಾಯಿತು. ಆಡಳಿತ ಮಂಡಳಿಯ ಮುಂದೆ ಎರಡೂ ಸಂಖ್ಯೆಗಳನ್ನಿಟ್ಟು ಹೊಸ ಫೈರ್‌ವಾಲ್‌ಗೆ ಹಣ ಮಂಜೂರು ಮಾಡಿಸಿಕೊಂಡೆ.

ಬ್ಯಾಕಪ್ಪಿನ ವಿಷಯದಲ್ಲಿ ಮಾತ್ರ ನನಗೆ ಇಂದಿಗೂ ನೋವಿದೆ. 2016ರಿಂದ ಪ್ರತಿ ರಾತ್ರಿಯ ಪ್ರತಿಯನ್ನು ಆರ್‌ಎಸ್‌ಎ ಕೀಲಿಯಿಂದ ಮುಚ್ಚಿ, ಬಾಡಿಗೆಯ ಹೊರಗಿನ ಸರ್ವರೊಂದಕ್ಕೆ ಕಳಿಸುತ್ತಿದ್ದೆ. ಈಗ ಎಲ್ಲವನ್ನೂ ಎಇಎಸ್-256ರಲ್ಲಿ ಉದ್ದದ ಗುಪ್ತಪದದಿಂದ ಮರು ಮುಚ್ಚಿದ್ದೇನೆ, ಆ ಪದದ ಕಾಗದ ಸಂಘದ ತಿಜೋರಿಯಲ್ಲಿದೆ, ಹೊರಗಿದ್ದ ಹಳೆಯ ಪ್ರತಿಗಳನ್ನು ಅಳಿಸಿದ್ದೇನೆ. ಆದರೆ ಆ ಒಂಬತ್ತು ವರ್ಷಗಳಲ್ಲಿ ದಾರಿಯಲ್ಲೇ ಯಾರಾದರೂ ನಕಲು ಮಾಡಿಕೊಂಡಿದ್ದರೆ, ಇಲ್ಲಿ ಕುಳಿತು ನಾನು ಮಾಡುವ ಯಾವ ಕೆಲಸವೂ ಆ ನಕಲನ್ನು ಮುಟ್ಟುವುದಿಲ್ಲ. ಇದನ್ನು ಮುಚ್ಚಿಡದೆ ಮಂಡಳಿಗೆ ಲಿಖಿತವಾಗಿ ತಿಳಿಸಿದೆ.

ಅಧ್ಯಕ್ಷರು ಡಿಜಿಟಲ್ ಸಹಿಗೆ ಬಳಸುವ ಯುಎಸ್‌ಬಿ ಟೋಕನ್ ಇನ್ನೂ 2048 ಬಿಟ್‌ಗಳ ಆರ್‌ಎಸ್‌ಎ ಮೇಲೆಯೇ ನಡೆಯುತ್ತಿದೆ, ಅದನ್ನು ನಾನಾಗಿ ಬದಲಿಸಲು ಬರುವುದಿಲ್ಲ. ಸಹಿಯ ಅಪಾಯ ಬೇರೆ ಬಗೆಯದು: ಯಂತ್ರ ಬಂದ ದಿನದಿಂದ ನಕಲಿ ಸಹಿ ಹುಟ್ಟಬಹುದು, ಹಳೆಯ ದಿನಾಂಕದ ಕಾಗದವೂ ತಯಾರಾಗಬಹುದು. ಹೀಗಾಗಿ ಹದಿನೈದು, ಇಪ್ಪತ್ತು ವರ್ಷದ ಸಾಲಪತ್ರಗಳಿಗೆ ಡಿಜಿಟಲ್ ಸಹಿಯೊಂದನ್ನೇ ನಂಬದೆ, ಶಾಯಿಯಲ್ಲಿ ಸಹಿ ಮಾಡಿದ ಪ್ರತಿಯನ್ನೂ ಕಡತದಲ್ಲಿ ಇಡುವಂತೆ ಕೇಳಿಕೊಂಡೆ. ನಿರ್ಣಯ ಪುಸ್ತಕದಲ್ಲಿ ಅದು ದಾಖಲಾಗಿದೆ. ನಾಲ್ಕು ಶಾಖೆಗಳ ಕೀಲಿಗಳನ್ನು ವರ್ಷಕ್ಕೊಮ್ಮೆ ಬದಲಿಸುವುದೆಂದು ಅದೇ ಪುಟದಲ್ಲಿ ಬರೆದಿದೆ. ಮುಂದಿನ ಸಲ ಮಳೆ ಹಿಡಿಯುವ ಮೊದಲೇ, ಮೇ ತಿಂಗಳಲ್ಲಿ ಹೊರಡುತ್ತೇನೆ, ಆಗುಂಬೆಯಿಂದ ಶುರುಮಾಡುತ್ತೇನೆ.