ಎಳೆದೊಯ್ಯುವ ದೋಣಿಗೆ ಹಾಯಿ ಮತ್ತು ಮೋಟರ್

ಹಾಯಿಯೂ ಮೋಟರೂ ಇರುವ, ಕಾರಿನ ಹಿಂದೆ ಟ್ರೇಲರ್‌ನಲ್ಲಿ ಎಳೆದೊಯ್ಯಬಹುದಾದ ದೋಣಿಯ ನಕ್ಷೆ ಬರೆಯಲು ಹೊರಟಾಗ ನಾನು ಮೊದಲು ಟೇಪು ಹಿಡಿದದ್ದು ಉಡುಪಿ ಬಳಿಯ ಕೆಮ್ಮಣ್ಣು ಎಂಬ ಊರಿನ ಕಡೆಗೆ ಹೋಗುವ ಒಳರಸ್ತೆಗೆ. ವಾಹನದ ಅಗಲ 2.6 ಮೀಟರ್ ವರೆಗೆ ಇರಬಹುದೆಂದು ಕಾನೂನು ಹೇಳುತ್ತದೆ. ಎದುರಿನಿಂದ ಬಸ್ ಬರುವ ತಿರುವಿನಲ್ಲಿ ಅಷ್ಟು ಅಗಲಕ್ಕೆ ಜಾಗವಿಲ್ಲ. ಹಾಗಾಗಿ ಅಗಲ 2.3 ಮೀಟರ್, ಉದ್ದ ಆರೂವರೆ ಮೀಟರ್ ಎಂದು ನಿಗದಿ ಮಾಡಿದೆ.

ಆಮೇಲಿನದು ತೂಕ. ಹಾಯಿದೋಣಿ ಮಗುಚದಿರಲು ತಳದಲ್ಲಿ ಭಾರ ಬೇಕು. ಎಳೆಯುವ ಕಾರಿಗೆ ಆ ಭಾರ ಬೇಡ. ಅಮೆರಿಕದ ಮ್ಯಾಕ್‌ಗ್ರೆಗರ್ 26 ದೋಣಿಯಂತೆ ನಾನೂ ನೀರನ್ನೇ ನೆಚ್ಚಿಕೊಂಡೆ. ತಳದುದ್ದಕ್ಕೂ 400 ಲೀಟರಿನ ತೊಟ್ಟಿ. ನೀರಿಗಿಳಿದ ಮೇಲೆ ತುಂಬುವುದು, ದಡಕ್ಕೆಳೆಯುವಾಗ ಖಾಲಿ ಮಾಡುವುದು. ತೊಟ್ಟಿ ಅರ್ಧ ತುಂಬಿದ್ದರೆ ದೋಣಿ ವಾಲಿದ ಕಡೆಗೇ ನೀರೂ ಓಡಿ ಇನ್ನಷ್ಟು ವಾಲಿಸುತ್ತದೆ. ಆದ್ದರಿಂದ ತುಂಬಿದ್ದು ಕಣ್ಣಿಗೆ ಕಾಣುವಂತೆ ತೊಟ್ಟಿಯ ಗಾಳಿ ಹೊರಹೋಗುವ ಕೊಳವೆ ಪಾರದರ್ಶಕವಾಗಿರಲೇಬೇಕು.

ಹೆಚ್ಚು ದಿನ ತಿಂದದ್ದು ಹಾಯಿಮರ. ನಮ್ಮ ನದಿಗಳ ಮೇಲೆ ಸೇತುವೆಗಳಿವೆ, ವಿದ್ಯುತ್ ತಂತಿಗಳಿವೆ. ಅಲ್ಯೂಮಿನಿಯಂ ಮರ ತಂತಿಗೆ ತಗುಲಿದರೆ ಜೀವಕ್ಕೇ ಅಪಾಯ. ಒಬ್ಬನೇ ಏರಿಸಿ ಇಳಿಸುವಂತಿರಬೇಕು. ಅಂಗಳದಲ್ಲಿ ಅಡಿಕೆ ಮರದ ಕಂಬವೊಂದಕ್ಕೆ ಬುಡದಲ್ಲಿ ಬೋಲ್ಟ್ ತೂರಿಸಿ, ಮುಂದಕ್ಕೊಂದು ಅಡ್ಡಗೋಲು ಚಾಚಿ, ರಾಟೆಗಳ ಮೂಲಕ ಹಗ್ಗ ಎಳೆದು ನೋಡಿದೆ. ಕಂಬ ಸಲೀಸಾಗಿ ಎದ್ದಿತು, ಆದರೆ ಪಕ್ಕಕ್ಕೆ ವಾಲುತ್ತಿತ್ತು. ಎರಡೂ ಬದಿಯ ಆಧಾರದ ಹಗ್ಗಗಳ ಗೂಟಗಳನ್ನು ಬೋಲ್ಟಿನ ನೇರಕ್ಕೆ, ಅದೇ ಎತ್ತರಕ್ಕೆ ತಂದೆ. ಈಗ ಕಂಬ ಮಲಗಿದ್ದಾಗಲೂ ನಿಂತಾಗಲೂ ಹಗ್ಗ ಒಂದೇ ಬಿಗಿ. ಇಂಥ ದೋಣಿಯಲ್ಲಿ ಇದಕ್ಕಿಂತ ಮುಖ್ಯವಾದ ಅಂಗ ಬೇರೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮರ ಏರಿಸುವುದೇ ಹೆಣಗಾಟವಾದರೆ ಹಾಯಿ ಚೀಲದಲ್ಲೇ ಉಳಿಯುತ್ತದೆ.

ಮಲ್ಪೆಯಲ್ಲಿ ಬಲೆ ಸರಿಪಡಿಸುತ್ತಿದ್ದ ಹಿರಿಯ ಮೀನುಗಾರರೊಬ್ಬರಿಗೆ ನಕ್ಷೆ ತೋರಿಸಿದೆ. "ಹಾಯಿ ಹೊರಗೆ ಹೋಗಿ ಬಿಚ್ಚಿ ಮಾರಾಯರೇ, ಅಳಿವೆಯಲ್ಲಿ ಎಂಜಿನ್ನೇ ಗತಿ" ಎಂದರು. ಕೋಡಿ ಬೆಂಗ್ರೆಯಲ್ಲಿ ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವಲ್ಲಿ, ಇಳಿತದ ನೀರು ಹೊರಗೆ ನುಗ್ಗಿ ಅಲೆ ಒಳಗೆ ಬರುವ ಹೊತ್ತಿನಲ್ಲಿ ನಿಂತು ನೋಡಿದರೆ ಅವರ ಮಾತು ಅರ್ಥವಾಗುತ್ತದೆ. ಔಟ್‌ಬೋರ್ಡ್ ಎಂಜಿನ್ನನ್ನು ಹಿಂದಿನ ಅಂಚಿಗೆ ತೂಗುಹಾಕಿದರೆ ಅಲೆಯ ಮೇಲೆ ದೋಣಿ ಮುಗ್ಗರಿಸಿದಾಗ ಪ್ರೊಪೆಲ್ಲರ್ ನೀರು ಬಿಟ್ಟು ಮೇಲೆ ಬರುತ್ತದೆ. ಅದನ್ನು ಚುಕ್ಕಾಣಿಯ ಮುಂದೆ, ದೋಣಿಯೊಳಗೆ ತೆರವು ಬಿಟ್ಟು ಕೂರಿಸುವಂತೆ ಬರೆದೆ. ಪ್ರೊಪೆಲ್ಲರ್ ತಳ್ಳಿದ ನೀರು ಚುಕ್ಕಾಣಿಗೇ ಬಡಿಯುವುದರಿಂದ ನಿಧಾನದಲ್ಲೂ ದೋಣಿ ಮಾತು ಕೇಳುತ್ತದೆ.

ಶಕ್ತಿ 15 ಎಚ್‌ಪಿ ಸಾಕು. ನೀರನ್ನು ಸೀಳಿಕೊಂಡು ಸಾಗುವ ಇಷ್ಟುದ್ದದ ದೋಣಿಯ ವೇಗ ಗಂಟೆಗೆ ಸುಮಾರು 11 ಕಿಲೋಮೀಟರಿಗೆ ನಿಲ್ಲುತ್ತದೆ. ಅದಕ್ಕಿಂತ ಓಡಿಸಲು ಹಿಂಭಾಗದ ತಳ ಚಪ್ಪಟೆ ಮಾಡಬೇಕು. ಹಾಗೆ ಮಾಡಿದರೆ ಮಧ್ಯಾಹ್ನದ ಪಡುಗಾಳಿಯಲ್ಲಿ ಹಾಯಿ ಬಿಚ್ಚಿದಾಗ ದೋಣಿ ನೀರನ್ನು ಎಳೆದುಕೊಂಡು ತೆವಳುತ್ತದೆ. ನನಗೆ ಗಾಳಿಯ ಓಟವೇ ಬೇಕು.

ಮುಚ್ಚಿದ ಕೋಣೆ ಕೈಬಿಟ್ಟೆ. ಏಪ್ರಿಲ್ ಸೆಕೆಗೆ ಮಡಚುವ ಚಪ್ಪರ ಸಾಕು. ಗಾಳಿಗೆ ಪಕ್ಕಕ್ಕೆ ಜಾರದಂತೆ ತಳದಿಂದ ನೀರಿಗಿಳಿಸುವ ನಡುವಿನ ಹಲಗೆಯನ್ನು ಮೇಲಕ್ಕೆಳೆದರೆ ದೋಣಿ 35 ಸೆಂಟಿಮೀಟರ್ ನೀರಿನಲ್ಲಿ ತೇಲಿ, ಮರಳಿನ ಮೇಲೆ ನೆಟ್ಟಗೆ ಕೂರಬೇಕು.

ಟ್ರೇಲರಿಗೆ ಸತು ಲೇಪಿಸಿದ ಕಬ್ಬಿಣವೇ ಆಗಬೇಕು. ದೂರ ಓಡಿ ಬಿಸಿಯಾದ ಚಕ್ರಗಳನ್ನು ತಕ್ಷಣ ನೀರಿಗಿಳಿಸಿದರೆ ಬೇರಿಂಗ್ ಉಪ್ಪುನೀರನ್ನು ಒಳಗೆಳೆದುಕೊಳ್ಳುತ್ತದೆ. ಅದು ಆರುವಷ್ಟರಲ್ಲಿ ಹಾಯಿಮರ ಏರಿಸಿ ಮುಗಿಸಬಹುದು, ಮೇಲೆ ತಂತಿ ಇಲ್ಲದ ಜಾಗವಾಗಿದ್ದರೆ.