ಬಣ್ಣ ತೊಳೆಯುವಾಗಲೂ ಗ್ಲೌಸ್ ಇರಲಿ

ಹೇರ್ ಕಲರ್ ಹಚ್ಚುವಾಗ ಹೆಚ್ಚಿನವರು ಗ್ಲೌಸ್ ಹಾಕುತ್ತಾರೆ. ಅದೇ ಬಣ್ಣ ತೊಳೆಯುವ ಹೊತ್ತಿಗೆ ಗ್ಲೌಸ್ ಕಸದ ಬುಟ್ಟಿ ಸೇರಿರುತ್ತದೆ. ‘ನೀರು ಎಷ್ಟು ಬಿಸಿ ಇದೆ ಗೊತ್ತಾಗಲ್ಲ’, ‘ಬಣ್ಣ ಪೂರ್ತಿ ಹೋಯ್ತಾ ಅಂತ ಬೆರಳಿಗೆ ತಿಳಿಯಲ್ಲ’ ಅನ್ನುತ್ತಾರೆ. ಸಲೂನ್‌ಗಳಲ್ಲಿ ನಾನು ಅತಿ ಹೆಚ್ಚು ನೋಡಿರುವ ತಪ್ಪು ಇದು.

ಹೀಗೆ ಬರಿಗೈಗೆ ಬಣ್ಣ ತಾಗುತ್ತಿದ್ದರೆ ಚರ್ಮಕ್ಕೆ ಅಲರ್ಜಿ ಆಗಬಹುದು. ಅದು ಒಂದೇ ದಿನದಲ್ಲಿ ಬರುವುದಲ್ಲ. ಮೊದಲು ನೀರು, ಶಾಂಪೂ ಸೇರಿ ಚರ್ಮದ ಎಣ್ಣೆಯಂಶ ತೊಳೆದುಬಿಡುತ್ತವೆ. ಬೆರಳ ಸಂದಿಯಲ್ಲಿ ಚರ್ಮ ಒಣಗಿ, ಕೆಂಪಾಗಿ, ಹೊಟ್ಟು ಏಳುತ್ತದೆ. ಹೀಗೆ ಬಿರುಕು ಬಿಟ್ಟ ಕೈಯೊಳಗೆ ಬಣ್ಣದಲ್ಲಿರುವ ಪಿಪಿಡಿಯಂಥ (ಪ್ಯಾರಾಫೆನಿಲೀನ್‌ಡೈಅಮೀನ್) ರಾಸಾಯನಿಕ ಸಲೀಸಾಗಿ ಇಳಿಯುತ್ತದೆ. ದೇಹ ಅದನ್ನು ಒಮ್ಮೆ ವೈರಿ ಅಂತ ಗುರುತು ಹಿಡಿದರೆ ಸಾಮಾನ್ಯವಾಗಿ ಜೀವನಪೂರ್ತಿ ಮರೆಯುವುದಿಲ್ಲ. ‘ಇಷ್ಟು ವರ್ಷ ಏನೂ ಆಗಿಲ್ಲ’ ಅನ್ನುವ ಧೈರ್ಯ ಬೇಡ. ಎಷ್ಟೋ ವರ್ಷ ಕೆಲಸ ಮಾಡಿದ ಮೇಲೂ ಶುರುವಾಗುತ್ತದೆ.

ಕೆಲಸಕ್ಕೆ ಮೊದಲು ಉಂಗುರ, ವಾಚ್ ತೆಗೆದಿಡಿ. ಉಂಗುರದಡಿ ಶಾಂಪೂ ನಿಂತು ತುರಿಕೆ ಅಲ್ಲಿಂದಲೇ ಶುರುವಾಗುತ್ತದೆ.

ಗ್ಲೌಸ್ ಅಂದರೆ ಒಮ್ಮೆ ಬಳಸಿ ಎಸೆಯುವ, ಪೌಡರ್ ಇಲ್ಲದ ನೈಟ್ರೈಲ್ (ಕೃತಕ ರಬ್ಬರ್) ಗ್ಲೌಸ್. ಮಣಿಕಟ್ಟು ದಾಟಿ ಬರುವಷ್ಟು ಉದ್ದ ಇರಲಿ. ಡೈ ಪೆಟ್ಟಿಗೆಯಲ್ಲಿ ಬರುವ ಸಡಿಲವಾದ ತೆಳು ಪ್ಲಾಸ್ಟಿಕ್ ಗ್ಲೌಸನ್ನು ನೆಚ್ಚಬೇಡಿ. ನೀರು ಒಳಗಿಳಿದರೆ ಅದು ಇದ್ದೂ ಇಲ್ಲದ ಹಾಗೆ. ಲ್ಯಾಟೆಕ್ಸ್ (ನೈಸರ್ಗಿಕ ರಬ್ಬರ್) ಕೂಡ ಬೇಡ, ಅದರಿಂದಲೇ ಅಲರ್ಜಿ ಆಗುವವರಿದ್ದಾರೆ.

ಕಟಿಂಗ್ ಇದ್ದರೆ ಮೊದಲು ಅದನ್ನು ಮುಗಿಸಿ, ಆಮೇಲೆ ಬಣ್ಣ. ಈ ಕ್ರಮ ಬದಲಿಸಲೇಬೇಡಿ. ಈಗಷ್ಟೇ ಬಣ್ಣ ಹಾಕಿದ ಕೂದಲನ್ನು ಬರಿಗೈಯಲ್ಲಿ ಹಿಡಿದು ಕತ್ತರಿಸಿದರೆ, ಉಳಿದ ಬಣ್ಣವೆಲ್ಲ ಬೆರಳಿಗೆ.

ಬ್ಲೀಚ್ ಪೌಡರ್ ಕಲಸುವಾಗ ಕೈಗಿಂತ ಉಸಿರಿನ ಚಿಂತೆ ಜಾಸ್ತಿ. ಅದರಲ್ಲಿರುವ ಪರ್ಸಲ್ಫೇಟ್ ದೂಳು ಮೂಗು ಸೋರಿಸುತ್ತದೆ, ಕೆಲವರಿಗೆ ಆಸ್ತಮಾವನ್ನೇ ತರುತ್ತದೆ. ದೂಳು ಏಳದ ಬ್ಲೀಚ್ ಅಥವಾ ಕ್ರೀಮ್ ಬ್ಲೀಚ್ ತಗೊಳ್ಳಿ. ಕಿಟಕಿ ತೆರೆದು, ಬಟ್ಟಲ ಮೇಲೆ ಮುಖ ಬಗ್ಗಿಸದೆ ಕಲಸಿ.

ಈಗ ತೊಳೆಯುವ ಹಂತ. ಹೊಸ ಗ್ಲೌಸ್ ಹಾಕಿ, ಅದರ ಅಂಚನ್ನು ಒಂದು ಬೆರಳಗಲ ಹೊರಕ್ಕೆ ಮಡಚಿ. ಕೈ ಎತ್ತಿದಾಗ ತೋಳಿನತ್ತ ಹರಿಯುವ ನೀರು ಆ ಮಡಿಕೆಯಲ್ಲೇ ನಿಲ್ಲುತ್ತದೆ. ನೀರಿನ ಬಿಸಿ ನೋಡಲು ಗ್ಲೌಸ್ ತೆಗೆಯಬೇಕಿಲ್ಲ, ಮೊಣಕೈ ಒಳಭಾಗಕ್ಕೆ ಹಿಡಿದರೆ ಸಾಕು. ಬಣ್ಣ ಹೋಗಿದೆಯೋ ಇಲ್ಲವೋ ಅನ್ನುವುದನ್ನು ಸಿಂಕಿಗೆ ಹರಿಯುವ ನೀರೇ ಹೇಳುತ್ತದೆ.

ತೆಗೆಯುವಾಗ ಅವಸರ ಬೇಡ. ಗ್ಲೌಸ್ ಹಾಕಿದ ಕೈಯನ್ನೇ ನಲ್ಲಿಯಡಿ ತೊಳೆದು ಒರೆಸಿ. ಬಲಗೈಯಿಂದ ಎಡಗೈ ಗ್ಲೌಸನ್ನು ಮಣಿಕಟ್ಟಿನ ಹತ್ತಿರ ಹೊರಗಿನಿಂದ ಚಿವುಟಿ ಹಿಡಿದು, ಬೆರಳ ಕಡೆಗೆ ಎಳೆಯಿರಿ. ಅದು ಒಳಹೊರಗಾಗಿ ಕಳಚಿ ಬರುತ್ತದೆ. ಅದನ್ನು ಬಲಮುಷ್ಟಿಯಲ್ಲಿ ಮುದುರಿ ಇಟ್ಟುಕೊಳ್ಳಿ. ಈಗ ಬರಿದಾದ ಎಡಗೈ ಬೆರಳನ್ನು ಬಲ ಗ್ಲೌಸಿನ ಒಳಗೆ, ಚರ್ಮಕ್ಕೆ ತಾಗಿದ ಕಡೆಯಿಂದ ತೂರಿಸಿ, ಹೊರಭಾಗ ಮುಟ್ಟದೆ ಮಗುಚಿ ಎಳೆಯಿರಿ. ಮೊದಲನೆಯದು ಎರಡನೆಯದರ ಹೊಟ್ಟೆಯೊಳಗೆ ಸೇರಿಹೋಗುತ್ತದೆ. ನೇರ ಕಸದ ಬುಟ್ಟಿಗೆ ಹಾಕಿ. ಒಳಹೊರಗು ಮಾಡಿ ತೊಳೆದು, ಒಣಗಿಸಿ, ಮತ್ತೆ ಹಾಕಿಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆಗ ಬಣ್ಣ ತಾಗಿದ ಮೈಯೇ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಎರಡು ಗ್ಲೌಸ್ ಉಳಿಸಲು ಹೋಗಿ ಕೈಯನ್ನೇ ಕಳೆದುಕೊಳ್ಳಬೇಕಾ?

ಬೆರಳ ಸಂದಿಯವರೆಗೂ ಒರೆಸಿ, ಪರಿಮಳ ಇಲ್ಲದ ಕ್ರೀಮ್ ಹಚ್ಚಿ.

ದಿನಕ್ಕೆ 2 ಗಂಟೆಗಿಂತ ಜಾಸ್ತಿ ಕೈ ಒದ್ದೆಯಲ್ಲಿದ್ದರೆ ಚರ್ಮಕ್ಕೆ ಅಪಾಯ ಅಂತ ವೈದ್ಯರು ಲೆಕ್ಕ ಹಿಡಿಯುತ್ತಾರೆ. ಗ್ಲೌಸೊಳಗೆ ಬೆವರಿದ ಹೊತ್ತೂ ಇದರಲ್ಲಿ ಸೇರುತ್ತದೆ. ಹಾಗಾಗಿ ಒಣ ಕೆಲಸಕ್ಕೆ ಗ್ಲೌಸ್ ಬೇಡ. ಹೊಸದಾಗಿ ಕೆಲಸ ಕಲಿಯಲು ಬಂದವರನ್ನು ದಿನವಿಡೀ ತಲೆ ತೊಳೆಯಲು ನಿಲ್ಲಿಸುವುದು ಸರಿಯಲ್ಲ. ಸರದಿ ಮಾಡಿಕೊಳ್ಳಿ.

ರಜೆಯಲ್ಲಿ ಕೈ ವಾಸಿಯಾಗಿ, ಕೆಲಸಕ್ಕೆ ಬಂದ ಕೂಡಲೇ ಮತ್ತೆ ತುರಿಸುತ್ತಿದೆಯೇ? ಅಂಗಡಿಯಲ್ಲಿ ಸಿಗುವ ಯಾವುದೋ ಮುಲಾಮು ಹಚ್ಚಿ ದಿನ ದೂಡಬೇಡಿ. ಚರ್ಮವೈದ್ಯರ ಹತ್ತಿರ, ಯಾವ ವಸ್ತುವಿನಿಂದ ಅಲರ್ಜಿ ಅಂತ ಪತ್ತೆಹಚ್ಚುವ ಪ್ಯಾಚ್ ಟೆಸ್ಟ್ ಕೇಳಿ. ಬೆನ್ನಿಗೆ ಅಂಟಿಸಿದ ಪಟ್ಟಿಗಳು ಸಾಮಾನ್ಯವಾಗಿ 48 ಗಂಟೆ ಒದ್ದೆಯಾಗದೆ ಇರಬೇಕು, ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ತೋರಿಸಬೇಕು. ಹೋಗುವಾಗ ನೀವು ಬಳಸುವ ಬಣ್ಣ, ಬ್ಲೀಚ್, ಶಾಂಪೂಗಳ ಲೇಬಲ್ಲಿನ ಫೋಟೊ ತಗೊಂಡು ಹೋಗಿ.